‘ರೈಟ್ ಆಫ್’ ಎಂದರೆ ಮನ್ನಾ ಅಲ್ಲ: ವ್ಯಾಪಾರಸ್ಥರಿಗೊಂದು ಇಂಗ್ಲಿಷ್ ಪಾಠ

ಹಾರೂಗೇರಿ, ರಾಯಬಾಗ, ಅಥಣಿ ಭಾಗದ ವ್ಯಾಪಾರವು ಬಹುಮಟ್ಟಿಗೆ ಉದ್ರಿಯ ಮೇಲೆಯೇ ನಡೆಯುತ್ತ ಬಂದಿದೆ. ಮುಂಗಾರಿನ ಹೊತ್ತಿಗೆ ರೈತನು ಬೀಜ, ಗೊಬ್ಬರ, ಔಷಧಿಗಳನ್ನು ಉದ್ರಿಯಾಗಿ ಒಯ್ಯುತ್ತಾನೆ. ಕಬ್ಬಿನ ಬಿಲ್ಲು ಬಂದ ಮೇಲೆ, ಇಲ್ಲವೆ ಅರಿಷಿಣವು ಸಾಂಗ್ಲಿಯ ಪೇಟೆಗೆ ಹೋಗಿ ಮಾರಾಟವಾದ ಮೇಲೆ ಬಾಕಿಯನ್ನು ತೀರಿಸುತ್ತಾನೆ. ಬಹುತೇಕರು ತೀರಿಸುತ್ತಾರೆ, ಕೆಲವರು ತೀರಿಸುವುದಿಲ್ಲ. ಮಾರ್ಚ್ ತಿಂಗಳಲ್ಲಿ ಲೆಕ್ಕಪತ್ರ ಮುಗಿಸುವಾಗ ಇಂಥ ಹಳೆಯ ಬಾಕಿಗಳು ಖಾತೆ ಪುಸ್ತಕದಲ್ಲಿ ಎದ್ದು ಕಾಣುತ್ತವೆ. ಆಗ ಲೆಕ್ಕಪರಿಶೋಧಕರು ಕೇಳುವ ಪ್ರಶ್ನೆ ಒಂದೇ: “ಇದನ್ನು ರೈಟ್ ಆಫ್ ಮಾಡೋಣವೇ?” ವ್ಯಾಪಾರಸ್ಥನ ಉತ್ತರವೂ ಬಹುಮಟ್ಟಿಗೆ ಒಂದೇ: “ಬ್ಯಾಡ್ರೀ, ಅಂವ ಇವತ್ತಿಲ್ಲಾ ನಾಳೆ ಕೊಡ್ತಾನ. ನಾ ಯಾಕ ಬಿಡಲಿ?”

ಪ್ರಶ್ನೆ ಕೇಳಿದವರು ಒಂದು ಅರ್ಥದಲ್ಲಿ ಕೇಳಿದ್ದಾರೆ. ಉತ್ತರಿಸಿದವರು ಇನ್ನೊಂದು ಅರ್ಥದಲ್ಲಿ ಉತ್ತರಿಸಿದ್ದಾರೆ. ಈ ಎರಡು ಅರ್ಥಗಳ ನಡುವಿನ ಅಂತರಕ್ಕೆ ವ್ಯಾಪಾರಸ್ಥರು ಪ್ರತಿ ವರ್ಷವೂ ತೆರಿಗೆಯ ರೂಪದಲ್ಲಿ ಬೆಲೆ ತೆರುತ್ತಿದ್ದಾರೆ. ಆದುದರಿಂದ ‘ರೈಟ್ ಆಫ್’ ಎಂಬ ಎರಡು ಪದಗಳ ಇಂಗ್ಲಿಷ್ ಕ್ರಿಯಾಪದವನ್ನು ವ್ಯಾಕರಣ, ಅರ್ಥ ಮತ್ತು ಬಳಕೆಗಳ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ಎರಡು ಪದ, ಒಂದು ಕ್ರಿಯೆ

ಇಂಗ್ಲಿಷಿನಲ್ಲಿ ಒಂದು ಸಾಮಾನ್ಯ ಕ್ರಿಯಾಪದದ ಮುಂದೆ ಆಫ್, ಅಪ್, ಡೌನ್, ಬ್ಯಾಕ್, ಔಟ್ ಮುಂತಾದ ಚಿಕ್ಕ ಪದವೊಂದನ್ನು ಸೇರಿಸಿ ಹೊಸ ಅರ್ಥವನ್ನು ಹುಟ್ಟಿಸುವ ರೂಢಿಯಿದೆ. ಇದನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ಇದು ಇಂಗ್ಲಿಷ್ ಕಲಿಯುವ ಎಲ್ಲರಿಗೂ, ಕನ್ನಡಿಗರಿಗಿರಲಿ ಚೀನೀಯರಿಗಿರಲಿ, ತೊಡಕಾಗುವ ಭಾಗ. ಏಕೆಂದರೆ ಪ್ರತಿಯೊಂದು ಪದದ ಅರ್ಥವನ್ನು ನಿಘಂಟಿನಲ್ಲಿ ಬೇರೆ ಬೇರೆಯಾಗಿ ನೋಡಿ ಕೂಡಿಸಿದರೆ ಇಡಿಯ ಅರ್ಥವು ಸಿಗುವುದಿಲ್ಲ. ರೈಟ್ ಎಂದರೆ ಬರೆ. ಆಫ್ ಎಂದರೆ ಆಚೆಗೆ, ದೂರಕ್ಕೆ. ಎರಡನ್ನೂ ಕೂಡಿಸಿದರೆ ‘ಆಚೆಗೆ ಬರೆ’ ಎಂದಾಗುತ್ತದೆಯೇ ಹೊರತು ಲೆಕ್ಕದ ಅರ್ಥವು ತಾನಾಗಿ ಹೊಳೆಯುವುದಿಲ್ಲ.

ಆದರೆ ಕನ್ನಡಿಗರಿಗೆ ಈ ತಂತ್ರವು ತೀರ ಅಪರಿಚಿತವೇನೂ ಅಲ್ಲ. ‘ಬರೆ’ ಎಂಬ ಧಾತುವನ್ನೇ ನೋಡಬಹುದು. ‘ಹೊಲ ಬರೆದುಕೊಟ್ಟ’ ಎಂದರೆ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಿದ. ‘ಹೊಲ ಬರೆಸಿಕೊಂಡ’ ಎಂದರೆ ತನ್ನ ಹೆಸರಿಗೆ ಮಾಡಿಕೊಂಡ. ‘ಬರೆದಿಟ್ಟ’ ಎಂದರೆ ಮುಂದಿನವರಿಗಾಗಿ ದಾಖಲೆ ಮಾಡಿದ. ‘ಖಾತೆಗೆ ಬರೆದುಕೋ’ ಎಂದರೆ ಉದ್ರಿ ಕೊಡು. ಬರವಣಿಗೆ ಒಂದೇ, ಬೆನ್ನಿಗೆ ಬಂದ ಕೊಡು, ಕೊಳ್ಳು, ಇಡು ಎಂಬ ಸಹಾಯಕ ಪದಗಳಿಂದ ಆಸ್ತಿಯೇ ಕೈ ಬದಲಾಯಿಸುತ್ತದೆ. ‘ಬರೆದುಕೊಟ್ಟ’ ಎಂಬುದನ್ನು ‘ಬರೆದು ನಂತರ ಕೊಟ್ಟ’ ಎಂದು ಯಾವ ರೈತನೂ ಅರ್ಥ ಮಾಡಿಕೊಳ್ಳುವುದಿಲ್ಲ. ಇಂಗ್ಲಿಷಿನ ಆಫ್, ಬ್ಯಾಕ್, ಡೌನ್‌ಗಳನ್ನೂ ಇದೇ ಎಚ್ಚರದಿಂದ ಓದತಕ್ಕದ್ದು.

ವಾಕ್ಯರಚನೆಯ ನಿಯಮ ಸರಳವಾಗಿದೆ. ಕರ್ಮಪದವು ನಾಮಪದವಾಗಿದ್ದರೆ ‘ರೈಟ್ ಆಫ್ ದ ಡೆಟ್’ ಎನ್ನಬಹುದು, ‘ರೈಟ್ ದ ಡೆಟ್ ಆಫ್’ ಎಂದೂ ಎನ್ನಬಹುದು. ಕರ್ಮಪದವು ‘ಇಟ್’, ‘ದೆಮ್’ ಮುಂತಾದ ಸರ್ವನಾಮವಾಗಿದ್ದರೆ ಅದು ನಡುವೆಯೇ ಬರಬೇಕು: ‘ರೈಟ್ ಇಟ್ ಆಫ್’ ಸರಿ, ‘ರೈಟ್ ಆಫ್ ಇಟ್’ ತಪ್ಪು. ಭೂತಕಾಲ ‘ರೋಟ್ ಆಫ್’; ಕರ್ಮಣಿ ಪ್ರಯೋಗ ‘ವಾಸ್ ರಿಟನ್ ಆಫ್’. ನಾಮಪದವಾಗಿ ‘ಎ ರೈಟ್-ಆಫ್’ ಎಂದಾಗ ಒತ್ತು ಮೊದಲ ಪದದ ಮೇಲೆ ಬೀಳುತ್ತದೆ. ಏನೆಂದು ಪರಿಗಣಿಸಿ ತೆಗೆಯಲಾಯಿತು ಎಂದು ಹೇಳಲು ‘ಆ್ಯಸ್’ ಬರುತ್ತದೆ: ‘ರಿಟನ್ ಆಫ್ ಆ್ಯಸ್ ಇರ್‌ರಿಕವರೆಬಲ್’, ಅಂದರೆ ವಸೂಲಾಗದ್ದೆಂದು ತೆಗೆಯಲಾದದ್ದು. ಆದಾಯ ತೆರಿಗೆ ಕಾಯ್ದೆಯಲ್ಲಿ ಬರುವುದು ಇದೇ ಪದಪುಂಜ.

ಇನ್ನೊಂದು ಸಣ್ಣ ತೊಡಕು ಲಿಪಿಯದು. ‘ಅದರ’ ಎಂಬ ಷಷ್ಠೀ ಅರ್ಥದ ಪದವನ್ನೂ, ‘ಆಚೆಗೆ’ ಎಂಬ ಅರ್ಥದ ಪದವನ್ನೂ ಕನ್ನಡದಲ್ಲಿ ‘ಆಫ್’ ಎಂದೇ ಬರೆಯಲಾಗುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಒಂದು ಎಫ್, ಎರಡನೆಯದಕ್ಕೆ ಎರಡು ಎಫ್. ಅದೇ ರೀತಿ ‘ಬಲ’, ‘ಸರಿ’, ‘ಹಕ್ಕು’ ಎಂಬರ್ಥದ ರೈಟ್ ಬೇರೆ, ಬರೆಯುವ ರೈಟ್ ಬೇರೆ. ಹಕ್ಕಿನ ರೈಟ್ ಮುಂದೆ ಎರಡು ಎಫ್‌ನ ಆಫ್ ಬಂದರೆ ‘ಕೂಡಲೇ’ ಎಂದು ಅರ್ಥ. ಗುಮಾಸ್ತನು ಒಂದಕ್ಷರ ತಪ್ಪಿದರೂ ಪತ್ರ ಓದುವ ಹೊರರಾಜ್ಯದ ವ್ಯಾಪಾರಿಯು ಬೇರೇನನ್ನೋ ತಿಳಿದುಕೊಳ್ಳುವ ಸಂಭವವಿದೆ.

ಲೆಕ್ಕದ ಹೊರಗಿನ ಅರ್ಥಗಳು

ಲೆಕ್ಕದ ಅರ್ಥಕ್ಕೆ ಬರುವ ಮೊದಲು ಉಳಿದವುಗಳನ್ನು ಬೇಗನೆ ನೋಡಿಬಿಡಬಹುದು. ಕಬ್ಬು ಸಾಗಿಸುವ ಲಾರಿಯು ಅಪಘಾತಕ್ಕೀಡಾಗಿ ದುರಸ್ತಿಗೆ ಬಾರದಂತಾದರೆ ‘ದ ಟ್ರಕ್ ಈಸ್ ಎ ರೈಟ್-ಆಫ್’ ಎನ್ನುತ್ತಾರೆ. ಭಾರತದ ಮೋಟಾರು ವಿಮೆಯಲ್ಲಿ ಇದಕ್ಕೆ ‘ಟೋಟಲ್ ಲಾಸ್’ ಎಂಬ ಹೆಸರು ಹೆಚ್ಚು ರೂಢಿ. ವಾಹನವನ್ನು ತಂದು ದುರಸ್ತಿ ಮಾಡುವ ವೆಚ್ಚವು ಪಾಲಿಸಿಯಲ್ಲಿ ನಮೂದಿಸಿದ ವಾಹನದ ಮೌಲ್ಯದ ಶೇ. 75ನ್ನು ಮೀರಿದರೆ ಆ ವಾಹನವನ್ನು ಸಂಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. ಇನ್ನು ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಕೇಳಿಬರುವ ‘ಡೋಂಟ್ ರೈಟ್ ಹಿಮ್ ಆಫ್’ ಎಂಬುದರ ಅರ್ಥ, ‘ಅವನ ಕಥೆ ಮುಗಿಯಿತೆಂದು ತಿಳಿಯಬೇಡಿರಿ’ ಎಂದು. ‘ರೈಟ್ ಆಫ್ ಫಾರ್ ಎ ಕ್ಯಾಟಲಾಗ್’ ಎಂದರೆ ದೂರದ ಕಂಪನಿಗೆ ಪತ್ರ ಬರೆದು ಬೆಲೆಪಟ್ಟಿ ತರಿಸಿಕೊಳ್ಳುವುದು. ಇದು ಹೆಚ್ಚಾಗಿ ಬ್ರಿಟಿಷರ ಬಳಕೆ, ಈ ಭಾಗದ ಪತ್ರವ್ಯವಹಾರದಲ್ಲಿ ಕಾಣಸಿಗುವುದು ಅಪರೂಪ.

ಲೆಕ್ಕದ ಅರ್ಥ

ಲೆಕ್ಕಶಾಸ್ತ್ರದಲ್ಲಿ ರೈಟ್ ಆಫ್ ಎಂದರೆ, ಪುಸ್ತಕದಲ್ಲಿ ಆಸ್ತಿಯೆಂದು ತೋರಿಸಲಾದ ಒಂದು ಮೊತ್ತವನ್ನು ಇನ್ನು ಮುಂದೆ ಆಸ್ತಿಯೆಂದು ತೋರಿಸದೆ ನಷ್ಟ ಅಥವಾ ಖರ್ಚಿನ ಕಡೆಗೆ ಒಯ್ದು ಬರೆಯುವುದು. ಹಳೆಯ ಬಾಕಿ ಮಾತ್ರವಲ್ಲ, ಕಂಪನಿ ಸ್ಥಾಪನೆಯ ಪ್ರಾರಂಭಿಕ ವೆಚ್ಚಗಳನ್ನೂ ರೈಟ್ ಆಫ್ ಮಾಡಲಾಗುತ್ತದೆ. ಆದಾಯ ತೆರಿಗೆಯ ಮಟ್ಟಿಗೆ ಕಲಂ 35ಡಿ ಪ್ರಕಾರ ವರ್ಷಕ್ಕೆ ಐದನೆಯ ಒಂದು ಭಾಗದಂತೆ ಐದು ವರ್ಷಗಳಲ್ಲಿ ಅವುಗಳನ್ನು ತೆಗೆಯಬಹುದಾಗಿದೆ. ಇಲ್ಲಿ ಯಾರಿಗೂ ಯಾರೂ ಏನನ್ನೂ ಬಿಟ್ಟುಕೊಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಖರ್ಚು ಆಗಿಹೋಗಿದೆ, ಪುಸ್ತಕವು ಅದನ್ನು ಒಪ್ಪಿಕೊಳ್ಳುತ್ತಿದೆ, ಅಷ್ಟೆ.

ಇದಕ್ಕೆ ಕನ್ನಡದಲ್ಲಿ ಪದವಿಲ್ಲವೆಂದಲ್ಲ. ‘ವಜಾ ಹಾಕು’ ಎಂಬುದು ಬಹಳ ಹಿಂದಿನಿಂದಲೂ ಕಿರ್ದಿ-ಖಾತೆಗಳಲ್ಲಿ ಇರುವ ಮಾತು. ವಜಾ ಎಂದರೆ ಕಳೆಯುವುದು. ಕೋರ್ಟಿನಲ್ಲಿ ಅರ್ಜಿ ವಜಾ ಆಗುತ್ತದೆ, ನೌಕರಿಯಿಂದ ವಜಾ ಮಾಡುತ್ತಾರೆ. ಹೀಗೆ ‘ಲೆಕ್ಕದಿಂದ ಕಳೆ’ ಮತ್ತು ‘ಬೇಡವೆಂದು ತಳ್ಳಿಹಾಕು’ ಎಂಬ ರೈಟ್ ಆಫ್‌ನ ಎರಡೂ ಮುಖಗಳು ಈ ಒಂದೇ ಪದದಲ್ಲಿ ಅಡಗಿವೆ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಈ ಗಡಿ ಭಾಗದ ಪೇಟೆಯ ಮಾತಿನಲ್ಲಿ ಮರಾಠಿಯ ಲೆಕ್ಕದ ಪದಗಳು ಇಂದಿಗೂ ಬೆರೆತಿವೆ. ಮರಾಠಿಯ ‘ಬುಡೀತ ಖಾತೆ’ ಎಂದರೆ ಮುಳುಗಿದ ಬಾಕಿಗಳ ಖಾತೆ. ಇಲ್ಲಿ ಮುಳುಗಿದ್ದು ಬಾಕಿಯೇ ಹೊರತು ಬಾಕಿದಾರನ ಹೊಣೆಯಲ್ಲ. ಹಳಬರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ದೀಪಾವಳಿ ಪಾಡ್ಯದಂದು ಹೊಸ ಖಾತೆ ಪೂಜಿಸುವಾಗ ಮುಳುಗಿದ ಬಾಕಿಗಳನ್ನು ಹೊಸ ಪುಸ್ತಕಕ್ಕೆ ಎಳೆಯದೆ ಬಿಟ್ಟರೂ ಹಳೆಯ ಪುಸ್ತಕವನ್ನು ಮಾತ್ರ ಜೋಪಾನವಾಗಿ ಇಡುವುದು ಅಂಗಡಿಯ ಪದ್ಧತಿಯಾಗಿತ್ತು.

ಗೊಂದಲವು ಹುಟ್ಟಿದ್ದು ‘ಮನ್ನಾ’ ಎಂಬ ಇನ್ನೊಂದು ಪದದಿಂದ. ಮನ್ನಾ ಎಂದರೆ ಹಕ್ಕುಳ್ಳವನು ತನ್ನ ಹಕ್ಕನ್ನು ಬಿಟ್ಟುಕೊಡುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ವೇವ್’ ಎಂಬ ಬೇರೆಯೇ ಕ್ರಿಯಾಪದವಿದೆ. ‘ವೇವ್’ ಒಂಟಿಯಾಗಿಯೇ ನಿಲ್ಲುವ ಪದ. ಅದರ ಬೆನ್ನಿಗೆ ‘ಆಫ್’ ಬೇಕಿಲ್ಲ. ಆದರೂ ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ, ಬ್ಯಾಂಕುಗಳ ಪತ್ರಗಳಲ್ಲಿ ಸಹ, ‘ಲೋನ್ ವೇವ್-ಆಫ್’ ಎಂಬ ಪ್ರಯೋಗ ಧಾರಾಳವಾಗಿ ಕಾಣಿಸುತ್ತದೆ. ರೈಟ್ ಆಫ್‌ನ ಬಾಲವನ್ನು ಕತ್ತರಿಸಿ ವೇವ್‌ಗೆ ಅಂಟಿಸಿದ್ದರ ಫಲವಿದು. ಉಚ್ಚಾರದಲ್ಲಿ ಇದಕ್ಕೆ ಸಮನಾದ, ಆದರೆ ಕಾಗುಣಿತ ಬೇರೆಯಾದ ಇನ್ನೊಂದು ‘ವೇವ್ ಆಫ್’ ಇದೆ: ಕೈಬೀಸಿ ಬೀಳ್ಕೊಡುವುದು ಎಂಬುದು ಅದರ ಅರ್ಥ. ಸಾಲಗಾರನನ್ನು ಕೈಬೀಸಿ ಬೀಳ್ಕೊಡುವ ಉದ್ದೇಶ ಯಾವ ಬ್ಯಾಂಕಿಗೂ ಇರಲಾರದು.

ಪದಗಳನ್ನು ಹೀಗೆ ಬೆರೆಸಿದ್ದರಿಂದ ಆಗುವ ಹಾನಿ ಕೇವಲ ವ್ಯಾಕರಣದ್ದಲ್ಲ. 2008ರಲ್ಲಿ ಕೇಂದ್ರ ಸರಕಾರವು ಸಣ್ಣ ಹಾಗೂ ಅತಿ ಸಣ್ಣ ರೈತರ ಕೃಷಿ ಸಾಲವನ್ನು ಮನ್ನಾ ಮಾಡಿತು. ಕರ್ನಾಟಕ ಸರಕಾರವು 2017ರ ಜೂನ್‌ನಲ್ಲಿ ಸಹಕಾರಿ ಸಂಸ್ಥೆಗಳ 50,000 ರೂ.ವರೆಗಿನ ಬೆಳೆಸಾಲವನ್ನು ಮನ್ನಾ ಮಾಡಿತು. 2018ರಲ್ಲಿ ವಾಣಿಜ್ಯ ಬ್ಯಾಂಕುಗಳಲ್ಲಿ 2 ಲಕ್ಷ ರೂ.ವರೆಗೆ ಮತ್ತು ಸಹಕಾರಿ ಸಂಸ್ಥೆಗಳಲ್ಲಿ 1 ಲಕ್ಷ ರೂ.ವರೆಗೆ ಬೆಳೆಸಾಲ ಮನ್ನಾ ಘೋಷಿಸಿತು. ಇವೆಲ್ಲವೂ ನಿಜವಾದ ಮನ್ನಾ. ಬ್ಯಾಂಕಿಗೆ ಅಥವಾ ಪಿಕೆಪಿಎಸ್‌ಗೆ ಬರಬೇಕಾದ ಹಣವನ್ನು ಸರಕಾರವು ತನ್ನ ಬೊಕ್ಕಸದಿಂದ ತುಂಬಿಕೊಡಲು ಒಪ್ಪಿತು, ರೈತನ ಹೊಣೆ ಅಷ್ಟರಮಟ್ಟಿಗೆ ತೀರಿತು.

ಇದಕ್ಕೆ ಪ್ರತಿಯಾಗಿ, 2022ರ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಕೇಂದ್ರ ಹಣಕಾಸು ಸಚಿವರು ನೀಡಿದ ಮಾಹಿತಿಯ ಪ್ರಕಾರ, ಹಿಂದಿನ ಐದು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು ಸುಮಾರು 10.09 ಲಕ್ಷ ಕೋಟಿ ರೂ. ಸಾಲವನ್ನು ರೈಟ್ ಆಫ್ ಮಾಡಿದ್ದವು. ಇಂಥ ಅಂಕಿಗಳು ಬಂದಾಗಲೆಲ್ಲ ‘ಶ್ರೀಮಂತರ ಸಾಲ ಮನ್ನಾ’ ಎಂಬ ಮಾತು ಎದ್ದೇಳುತ್ತದೆ. ಅದೇ ಅವಧಿಯಲ್ಲಿ ರೈಟ್ ಆಫ್ ಆದ ಖಾತೆಗಳಿಂದಲೇ ಸುಮಾರು 1.32 ಲಕ್ಷ ಕೋಟಿ ರೂ. ವಸೂಲಾಗಿತ್ತೆಂಬುದೂ ಅದೇ ಉತ್ತರದಲ್ಲಿತ್ತು. ಮನ್ನಾ ಆದ ಸಾಲದಲ್ಲಿ ಒಂದು ರೂಪಾಯಿಯೂ ವಸೂಲಾಗಲು ಸಾಧ್ಯವಿಲ್ಲ. ವಸೂಲಿಯ ಪ್ರಮಾಣ ಕಡಿಮೆಯೆಂದು ಟೀಕಿಸುವುದು ನ್ಯಾಯವೇ. ಆದರೆ ಆ ಟೀಕೆಗೆ ಮನ್ನಾ ಎಂಬ ಪದ ಬೇಕಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2023ರ ಜೂನ್ 8ರ ಸುತ್ತೋಲೆಯಲ್ಲಿ ‘ಟೆಕ್ನಿಕಲ್ ರೈಟ್-ಆಫ್’ ಎಂಬುದನ್ನು ವ್ಯಾಖ್ಯಾನಿಸಿತು: ಸಾಲಗಾರನ ಖಾತೆಯಲ್ಲಿ ಬಾಕಿಯು ಹಾಗೆಯೇ ಇದ್ದು, ಅವನ ಮೇಲಿನ ಹಕ್ಕನ್ನು ಬಿಡದೆ, ಕೇವಲ ಲೆಕ್ಕಪತ್ರದ ಉದ್ದೇಶಕ್ಕಾಗಿ ತೆಗೆಯುವುದು ಎಂದು ಅದರ ತಾತ್ಪರ್ಯ.

ಆದುದರಿಂದ ಬ್ಯಾಂಕಿನಲ್ಲಿ ‘ನಿಮ್ಮ ಖಾತೆ ರೈಟ್ ಆಫ್ ಆಗಿದೆ’ ಎಂದು ಹೇಳಿದಾಗ ‘ಸಾಲ ತೀರಿತು’ ಎಂದು ಮನೆಗೆ ಬಂದು ಪೇಢೆ ಹಂಚುವಂತಿಲ್ಲ. ಸಾಲದ ಇತಿಹಾಸವನ್ನು ಇಡುವ ಸಂಸ್ಥೆಗಳ ವರದಿಯಲ್ಲಿ ಆ ಖಾತೆಯ ಮುಂದೆ ‘ರಿಟನ್ ಆಫ್’ ಎಂದು ದಾಖಲಾಗುತ್ತದೆ. ಮುಂದೆ ಟ್ರ್ಯಾಕ್ಟರಿಗೋ ಮಗನ ಶಿಕ್ಷಣಕ್ಕೋ ಸಾಲ ಕೇಳಿದಾಗ ಅಡ್ಡ ಬರುವುದು ಆ ಎರಡು ಪದಗಳೇ.

ವ್ಯಾಪಾರಸ್ಥನ ಪುಸ್ತಕದಲ್ಲಿ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಹಾರೂಗೇರಿಯ ಒಂದು ಪಾಲುದಾರಿಕೆ ಸಂಸ್ಥೆಯು ಗೊಬ್ಬರ, ಔಷಧಿಗಳನ್ನು ಮಾರುತ್ತದೆಂದು ಭಾವಿಸೋಣ. ಮೂರು ವರ್ಷಗಳ ಹಿಂದೆ ಒಬ್ಬ ಗಿರಾಕಿಗೆ 2,40,000 ರೂ. ಮಾಲು ಉದ್ರಿ ಕೊಟ್ಟಿತ್ತು. ಮಾರಾಟವು ಆ ವರ್ಷದ ಪುಸ್ತಕದಲ್ಲಿ ಜಮೆಯಾಗಿ, ಲಾಭದಲ್ಲಿ ಸೇರಿ, ಅದರ ಮೇಲೆ ತೆರಿಗೆಯೂ ಸಂದಾಯವಾಯಿತು. ಹಣ ಮಾತ್ರ ಬರಲಿಲ್ಲ. ಪಾಲುದಾರಿಕೆ ಸಂಸ್ಥೆಗೆ ತೆರಿಗೆಯ ದರ ಶೇ. 30, ಅದರ ಮೇಲೆ ಶೇ. 4 ಸೆಸ್; ಒಟ್ಟು ಶೇ. 31.2. ಅಂದರೆ ಬಾರದ ಈ ಹಣಕ್ಕೆ ಸಂಬಂಧಿಸಿದ ತೆರಿಗೆ 74,880 ರೂ. ಲಾಭವಿರುವ ವರ್ಷದಲ್ಲಿ ಬಾಕಿಯನ್ನು ರೈಟ್ ಆಫ್ ಮಾಡಿದರೆ ಇಷ್ಟು ತೆರಿಗೆ ಉಳಿಯುತ್ತದೆ. ‘ನಾ ಯಾಕ ಬಿಡಲಿ’ ಎಂದು ಕುಳಿತರೆ ಗಿರಾಕಿಯ ಹಣವೂ ಇಲ್ಲ, ಈ 74,880 ರೂ. ಕೂಡ ಇಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 36, ಉಪಕಲಂ 1ರ 7ನೇ ಖಂಡದಲ್ಲಿ ಈ ಕಡಿತಕ್ಕೆ ಅವಕಾಶವಿದೆ. ಮೊದಲು ಬಾಕಿಯು ಅದೇ ವರ್ಷದಲ್ಲಿ ಮುಳುಗಿತೆಂದು ವ್ಯಾಪಾರಿಯೇ ಸಿದ್ಧಪಡಿಸಬೇಕಾಗಿತ್ತು. ಗಿರಾಕಿ ದಿವಾಳಿಯಾದದ್ದಕ್ಕೆ ಪುರಾವೆ ಕೇಳಲಾಗುತ್ತಿತ್ತು. 1989ರ ಏಪ್ರಿಲ್ 1ರಿಂದ ಕಾಯ್ದೆಯ ಮಾತುಗಳನ್ನೇ ಬದಲಿಸಿ ‘ಪುಸ್ತಕದಲ್ಲಿ ವಸೂಲಾಗದ್ದೆಂದು ರೈಟ್ ಆಫ್ ಮಾಡಿದ’ ಬಾಕಿ ಎಂದು ಮಾಡಲಾಯಿತು. ಆದರೂ ವಾದ-ವಿವಾದಗಳು ನಿಲ್ಲಲಿಲ್ಲ. ಕೊನೆಗೆ 2010ರಲ್ಲಿ ಟಿ.ಆರ್.ಎಫ್. ಲಿಮಿಟೆಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಕಿಯು ನಿಜಕ್ಕೂ ಮುಳುಗಿದೆಯೆಂದು ಸಿದ್ಧಪಡಿಸುವ ಅವಶ್ಯಕತೆಯಿಲ್ಲ, ಪುಸ್ತಕದಲ್ಲಿ ರೈಟ್ ಆಫ್ ಮಾಡಿದ್ದರೆ ಸಾಕು ಎಂದು ತೀರ್ಪಿತ್ತಿತು. 2016ರ ಮೇ 30ರ ಸುತ್ತೋಲೆಯ ಮೂಲಕ ಕೇಂದ್ರ ನೇರ ತೆರಿಗೆ ಮಂಡಳಿಯೂ ಇದನ್ನು ಅಂಗೀಕರಿಸಿತು. ಹೀಗೆ ಒಂದು ಫ್ರೇಸಲ್ ವರ್ಬ್‌ನ ಮೇಲೆ ಇಡೀ ಕಡಿತವು ನಿಂತಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪುಗೊಂಡಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿದೆ. ಹಿಂದಿನ ವರ್ಷಗಳ ಪ್ರಕರಣಗಳಿಗೆ ಇಲ್ಲಿ ಹೇಳಿದ ಸಂಖ್ಯೆಗಳೇ ಅನ್ವಯಿಸುತ್ತವೆ.

‘ಪುಸ್ತಕದಲ್ಲಿ’ ಎಂಬ ಪದವೂ ಮುಖ್ಯ. ವರ್ಷ ಮುಗಿಯುವ ತಾರೀಖಿಗೆ ಬಾರದ ಸಾಲದ ಖಾತೆಗೆ ಖರ್ಚು ಹಾಕಿ ಗಿರಾಕಿಯ ಖಾತೆಗೆ ಜಮಾ ಕೊಡಬೇಕು. ಪುಸ್ತಕದಲ್ಲಿ ಏನನ್ನೂ ಬರೆಯದೆ ರಿಟರ್ನ್‌ನಲ್ಲಿ ಮಾತ್ರ ಕಡಿತ ಕೇಳಿದರೆ ಅದು ಸಲ್ಲುವುದಿಲ್ಲ. ‘ಬರಲಿಕ್ಕಿಲ್ಲ’ ಎಂಬ ಸಂಶಯದಿಂದ ಅಂದಾಜು ಮೊತ್ತವನ್ನು ಬದಿಗಿರಿಸುವುದು ಪ್ರಾವಿಜನ್. ಅದು ರೈಟ್ ಆಫ್ ಅಲ್ಲವೆಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ.

ಎಲ್ಲ ಬಾಕಿಗೂ ಈ ಸೌಲಭ್ಯವಿಲ್ಲ. ಆ ಮೊತ್ತವು ಅದೇ ವರ್ಷ ಅಥವಾ ಹಿಂದಿನ ಯಾವುದಾದರೂ ವರ್ಷ ಆದಾಯದ ಲೆಕ್ಕದಲ್ಲಿ ಸೇರಿರಬೇಕು. ಇಲ್ಲವೆ ಬ್ಯಾಂಕಿಂಗ್ ಅಥವಾ ಲೇವಾದೇವಿ ವ್ಯವಹಾರದಲ್ಲಿ ಕೊಟ್ಟ ಸಾಲವಾಗಿರಬೇಕು. ಗೆಳೆಯನ ಮಗಳ ಮದುವೆಗೆ ಕೊಟ್ಟ ಕೈಗಡವನ್ನು ಅಂಗಡಿಯ ಪುಸ್ತಕದಲ್ಲಿ ಬರೆದಿಟ್ಟು, ಬಾರದಾದಾಗ ರೈಟ್ ಆಫ್ ಮಾಡಿ ತೆರಿಗೆ ಉಳಿಸಲಾಗದು. ಕಲಂ 44ಎಡಿ ಪ್ರಕಾರ ವಹಿವಾಟಿನ ಶೇ. 8 ಅಥವಾ ಶೇ. 6 ಲಾಭವೆಂದು ತೋರಿಸುವ ಚಿಕ್ಕ ವ್ಯಾಪಾರಿಗಳಿಗೂ ಇದು ಪ್ರತ್ಯೇಕವಾಗಿ ಸಿಗುವುದಿಲ್ಲ. ಎಲ್ಲ ಕಡಿತಗಳೂ ಆ ಶೇಕಡಾವಾರಿನಲ್ಲೇ ಸೇರಿಹೋಗಿವೆ ಎಂಬುದು ಕಾಯ್ದೆಯ ಭಾವನೆ. ಜಿ.ಎಸ್.ಟಿ.ಯಲ್ಲಂತೂ ಬಾಕಿ ಮುಳುಗಿದ ಮಾತ್ರಕ್ಕೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವ ಮಾರ್ಗವನ್ನು ಕೊಟ್ಟಿಲ್ಲ. ಮಾಲು ಮರಳಿ ಬಂದರೆ ಅಥವಾ ಬಿಲ್ಲಿನಲ್ಲಿ ಬೆಲೆ, ತೆರಿಗೆ ಹೆಚ್ಚಾಗಿದ್ದರೆ ಕ್ರೆಡಿಟ್ ನೋಟ್ ಉಂಟು, ಹಣ ಬಾರದಿದ್ದರೆ ಇಲ್ಲ. ಇದು ವ್ಯಾಪಾರಸ್ಥರ ನ್ಯಾಯವಾದ ಅಸಮಾಧಾನ.

ಬಿಡುವುದು ಯಾವಾಗ, ಬಿಡದಿರುವುದು ಹೇಗೆ

ರೈಟ್ ಆಫ್ ಮಾಡಿದ ಮೇಲೆ ವಸೂಲಿಯ ಹಕ್ಕು ಉಳಿಯುತ್ತದೆಯೇ? ಉಳಿಯುತ್ತದೆ. ಸ್ವಂತ ಪುಸ್ತಕದಲ್ಲಿ ಸ್ವಂತ ಕೈಯಿಂದ ಮಾಡಿಕೊಂಡ ದಾಖಲೆಯಿಂದ ಇನ್ನೊಬ್ಬನ ಹೊಣೆ ತೀರುವುದಿಲ್ಲ. ಮುಂದೆ ಹಣ ಬಂದರೆ ಬಂದ ವರ್ಷದ ಆದಾಯವೆಂದು ಕಲಂ 41, ಉಪಕಲಂ 4ರ ಪ್ರಕಾರ ತೋರಿಸಬೇಕು, ಅಷ್ಟೆ. ರೈಟ್ ಆಫ್ ಆದ ಬಾಕಿಯಿಂದ ಹಣ ಬರುವ ಸಾಧ್ಯತೆಯನ್ನು ಕಾಯ್ದೆಯೇ ಮೊದಲೇ ಊಹಿಸಿದೆಯೆಂದಾಯಿತು.

ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡ ವಿಜಯಾ ಬ್ಯಾಂಕಿನ ಪ್ರಕರಣವು ಇಲ್ಲಿ ತಿಳಿಯತಕ್ಕದ್ದಾಗಿದೆ. ಬ್ಯಾಂಕು ಬಾರದ ಸಾಲವನ್ನು ಲಾಭ-ನಷ್ಟ ಖಾತೆಗೆ ಖರ್ಚು ಹಾಕಿ, ಆಢಾವೆ ಪತ್ರಿಕೆಯಲ್ಲಿ ಒಟ್ಟು ಸಾಲದ ಮೊತ್ತದಿಂದ ಅಷ್ಟನ್ನು ಕಳೆದು ತೋರಿಸಿತ್ತು. ಪ್ರತಿಯೊಬ್ಬ ಸಾಲಗಾರನ ಖಾತೆಯನ್ನು ಮುಚ್ಚಿರಲಿಲ್ಲ. ಒಂದೊಂದೇ ಖಾತೆಯನ್ನು ಮುಚ್ಚದಿದ್ದರೆ ಅದು ರೈಟ್ ಆಫ್ ಆಗುವುದಿಲ್ಲವೆಂದು ತೆರಿಗೆ ಇಲಾಖೆ ವಾದಿಸಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿನ ಪರವಾಗಿ ನಿರ್ಣಯಿಸುತ್ತ, ಖಾತೆಗಳನ್ನು ಮುಚ್ಚಿಬಿಟ್ಟರೆ ಸಾಲಗಾರರು ಅದನ್ನೇ ಕೋರ್ಟಿನಲ್ಲಿ ತೋರಿಸಿ ತಮ್ಮಿಂದ ಏನೂ ಬರಬೇಕಾಗಿಲ್ಲ ಎಂದು ವಾದಿಸುವ ಅಪಾಯವಿದೆ ಎಂಬ ಬ್ಯಾಂಕಿನ ಕಾರಣವನ್ನು ಒಪ್ಪಿತು. ಚಿಕ್ಕ ವ್ಯಾಪಾರಿಗೂ ಇದರಿಂದ ಪಾಠವಿದೆ. ಗಿರಾಕಿಯ ಖಾತೆ ಶೂನ್ಯಕ್ಕೆ ಬಂದರೂ ರೈಟ್ ಆಫ್ ಮಾಡಿದ ಬಾಕಿಗಳ ಹೆಸರು, ಬಿಲ್ಲಿನ ಸಂಖ್ಯೆ, ತಾರೀಖು, ಮೊತ್ತಗಳನ್ನು ಬರೆದ ಪ್ರತ್ಯೇಕ ವಹಿಯೊಂದನ್ನು ಇಡಬೇಕು. ಜಮಾ ಕೊಡುವಾಗ ವಿವರದ ಸಾಲಿನಲ್ಲಿ ‘ವಸೂಲಿ ಹಕ್ಕನ್ನು ಕಾಯ್ದಿರಿಸಿ, ತೆರಿಗೆ ಹಾಗೂ ಲೆಕ್ಕದ ಉದ್ದೇಶಕ್ಕಾಗಿ ಮಾತ್ರ ವಜಾ’ ಎಂದು ಬರೆದರೆ ಇನ್ನೂ ಉತ್ತಮ.

ಹಕ್ಕು ಹೋಗುವ ದಾರಿಗಳು ಬೇರೆಯೇ ಇವೆ. ಒಂದು, ಕಾಲಮಿತಿ. ಉದ್ರಿ ಮಾರಿದ ಮಾಲಿನ ಬೆಲೆಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಮುದ್ದತ್ತು ನಿಗದಿಯಾಗಿರದಿದ್ದರೆ ಮಾಲು ಕೊಟ್ಟ ದಿನದಿಂದ, ನಿಗದಿಯಾಗಿದ್ದರೆ ಅದು ಮುಗಿದ ದಿನದಿಂದ. ಈ ಅವಧಿಯೊಳಗೆ ಗಿರಾಕಿಯು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಕಾಗದವಿದ್ದರೆ, 1963ರ ಕಾಲಮಿತಿ ಕಾಯ್ದೆಯ ಕಲಂ 18ರಂತೆ ಆ ದಿನದಿಂದ ಹೊಸದಾಗಿ ಎಣಿಕೆ ಆರಂಭವಾಗುತ್ತದೆ. ಅವಧಿ ಮೀರಿದ ಮೇಲೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಮಾಡಿದರೆ ಆ ವಾಗ್ದಾನಕ್ಕೆ ಕರಾರು ಕಾಯ್ದೆಯ ಕಲಂ 25ರ ಬಲವಿದೆ. ಬಾಯಿಮಾತಿನ ‘ಕೊಡ್ತೇನ್ರೀ’ ಎಂಬುದಕ್ಕೆ ಈ ಎರಡೂ ಕಡೆ ಬೆಲೆಯಿಲ್ಲ.

ಎರಡನೆಯ ದಾರಿ ನಿಜವಾದ ಮನ್ನಾ. 1872ರ ಕರಾರು ಕಾಯ್ದೆಯ ಕಲಂ 63ರ ಪ್ರಕಾರ ಹಣ ಬರಬೇಕಾದವನು ಅದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡಬಹುದು. ಆ ಕಾಯ್ದೆಯಲ್ಲೇ ಕೊಟ್ಟ ಉದಾಹರಣೆಯಂತೆ, 5,000 ರೂ. ಬಾಕಿಗೆ 2,000 ರೂ. ಕೊಟ್ಟು, ಪಡೆದವನು ಅದನ್ನು ಪೂರ್ತಿ ಬಾಕಿಯ ತೀರುವಳಿಯೆಂದು ಒಪ್ಪಿಕೊಂಡರೆ ಉಳಿದ 3,000 ರೂ. ಹೋದಂತೆಯೇ. ಇದಕ್ಕಾಗಿಯೇ ಪತ್ರದ ಭಾಷೆಯಲ್ಲಿ ಎಚ್ಚರ ಬೇಕು. ಸಾಂಗ್ಲಿಯ ಅಥವಾ ಇಚಲಕರಂಜಿಯ ಖರೀದಿದಾರನಿಗೆ ಬಾಕಿ ಕೇಳುವ ಪತ್ರದಲ್ಲಿ ‘ವಿ ಹ್ಯಾವ್ ರಿಟನ್ ಆಫ್ ಯುವರ್ ಬ್ಯಾಲೆನ್ಸ್’ ಎಂದು ಬರೆಯುವ ಪ್ರಸಂಗವೇ ಬರಬಾರದು. ಕಾನೂನಿನಲ್ಲಿ ಅದೊಂದೇ ಮಾತಿನಿಂದ ಹಕ್ಕು ಹೋಗಲಾರದೆಂದು ವಾದಿಸಬಹುದಾದರೂ, ಎದುರಿನವನು ಅದನ್ನು ಮನ್ನಾ ಎಂದೇ ಹಿಡಿದು ಕೂಡುತ್ತಾನೆ. ಪುಸ್ತಕದಲ್ಲಿ ಏನು ಬರೆಯಲಾಯಿತೆಂಬುದನ್ನು ಗಿರಾಕಿಗೆ ತಿಳಿಸುವ ಅಗತ್ಯವೇ ಇಲ್ಲ.

ಬ್ಯಾಕ್ ಮತ್ತು ಡೌನ್

ರೈಟ್ ಆಫ್‌ಗೆ ಎದುರಾದದ್ದು ‘ರೈಟ್ ಬ್ಯಾಕ್’. ಪತ್ರದಲ್ಲಿ ‘ಪ್ಲೀಜ್ ರೈಟ್ ಬ್ಯಾಕ್’ ಎಂದರೆ ಉತ್ತರ ಬರೆಯಿರಿ ಎಂದು. ಆಢಾವೆ ಪತ್ರಿಕೆಯಲ್ಲಿ ‘ಲಾಯಬಿಲಿಟೀಸ್ ರಿಟನ್ ಬ್ಯಾಕ್’ ಎಂದರೆ, ಕೊಡಬೇಕೆಂದು ತೋರಿಸಿದ್ದ ಹಣವನ್ನು ಇನ್ನು ಕೊಡಬೇಕಿಲ್ಲವೆಂದು ಲಾಭಕ್ಕೆ ತಿರುಗಿಸಿದ್ದು. ಇಲ್ಲೊಂದು ವಿಚಿತ್ರವಿದೆ. ಹಣ ಬರಬೇಕಾದವನು ತನ್ನ ಪುಸ್ತಕದಲ್ಲಿ ರೈಟ್ ಆಫ್ ಮಾಡಿದರೆ ಬಾಕಿದಾರನಿಗೆ ಬಿಡುಗಡೆಯಿಲ್ಲ. ಆದರೆ ಹಣ ಕೊಡಬೇಕಾದವನು ತನ್ನ ಪುಸ್ತಕದಲ್ಲಿ ತಾನೇ ಆ ಹೊಣೆಯನ್ನು ತೆಗೆದುಹಾಕಿದರೆ, ಎದುರಿನವನು ಒಪ್ಪಿರಲಿ ಬಿಡಲಿ, ಅದು ಅವನ ತೆರಿಗೆಗೊಳಪಡುವ ಆದಾಯವಾಗುತ್ತದೆ. ಕಲಂ 41, ಉಪಕಲಂ 1ಕ್ಕೆ 1997ರ ಏಪ್ರಿಲ್ 1ರಿಂದ ಸೇರಿಸಿದ ವಿವರಣೆಯ ಪರಿಣಾಮವಿದು. ಆದಾಯವಾಯಿತೆಂದು ಸಾಲ ತೀರಿತೆಂದೂ ಅಲ್ಲ. ಕಾಲಮಿತಿಯೊಳಗೆ ಸಾಹುಕಾರನು ದಾವೆ ಹೂಡಿದರೆ ತೆರಿಗೆಯನ್ನೂ ಕಟ್ಟಿ ಹಣವನ್ನೂ ಕೊಡಬೇಕಾದೀತು. ಇದರ ಜೊತೆಗೆ, ಮಾಲಿನ ಬಿಲ್ಲಿನ ತಾರೀಖಿನಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ ಅದರ ಮೇಲೆ ಪಡೆದ ಜಿ.ಎಸ್.ಟಿ. ಜಮೆಯನ್ನು ಬಡ್ಡಿಸಹಿತ ಮರಳಿಸಬೇಕೆಂಬ ನಿಯಮವೂ ಇದೆ.

‘ರೈಟ್ ಡೌನ್’ ಎಂದರೆ ಸಾಮಾನ್ಯ ಮಾತಿನಲ್ಲಿ ಬರೆದುಕೊಳ್ಳುವುದು. ಲೆಕ್ಕದಲ್ಲಿ ಬೆಲೆಯನ್ನು ಇಳಿಸಿ ಬರೆಯುವುದು. ಕ್ವಿಂಟಲಿಗೆ 14,000 ರೂ.ದಂತೆ ಕೊಂಡಿಟ್ಟ ಅರಿಷಿಣಕ್ಕೆ ಮಾರ್ಚ್ 31ರಂದು ಖರ್ಚು ಕಳೆದು 11,500 ರೂ. ಮಾತ್ರ ಬರುವಂತಿದ್ದರೆ, ದಾಸ್ತಾನನ್ನು 11,500 ರೂ.ಗೆ ಇಳಿಸಿ ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡ 2ರ ನಿಯಮ. ಇಳಿಸುವುದು ಡೌನ್, ಪೂರ್ತಿ ತೆಗೆಯುವುದು ಆಫ್. ಹುಳ ಹಿಡಿದು ಮಾರಲಿಕ್ಕೇ ಬಾರದಂತಾದರೆ ಆಗ ಆಫ್. ಸವಕಳಿಯ ಪಟ್ಟಿಯಲ್ಲಿ ಎಲ್ಲರೂ ನೋಡುವ ‘ಡಬ್ಲ್ಯು.ಡಿ.ವಿ.’ ಎಂಬುದು ‘ರಿಟನ್ ಡೌನ್ ವ್ಯಾಲ್ಯೂ’, ಅಂದರೆ ಇಳಿಸಿ ಬರೆದ ಬೆಲೆ. ‘ರೈಟ್ ಅಪ್’ ಎಂದರೆ ಬೆಲೆ ಏರಿಸಿ ಬರೆಯುವುದು; ‘ರೈಟ್ ಅಪ್ ದ ಬುಕ್ಸ್’ ಎಂದಾಗ ಮಾತ್ರ ಹಿಂದೆ ಬಿದ್ದ ಪುಸ್ತಕಗಳನ್ನು ಈ ದಿನದವರೆಗೆ ಬರೆದು ಮುಗಿಸುವುದು.

ಬಾಕಿ ಕೇಳುವ ಪತ್ರಕ್ಕೆ ಈ ಮಾದರಿಯನ್ನು ಬಳಸಬಹುದು: ‘ಎ ಸಮ್ ಆಫ್ ರುಪೀಸ್ ಟು ಲ್ಯಾಖ್ ಫಾರ್ಟಿ ಥೌಸಂಡ್ ರಿಮೇನ್ಸ್ ಡ್ಯೂ ಫ್ರಮ್ ಯೂ. ಪ್ಲೀಜ್ ಸೈನ್ ಅಂಡ್ ರಿಟರ್ನ್ ದ ಎನ್‌ಕ್ಲೋಜ್ಡ್ ಕನ್‌ಫರ್ಮೇಶನ್.’ ಅಂದರೆ, ‘2,40,000 ರೂ. ನಿಮ್ಮಿಂದ ಬರಬೇಕಾಗಿದೆ. ಇದರೊಂದಿಗಿನ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಮಾಡಿ ಮರಳಿಸಿರಿ.’ ಗಿರಾಕಿ ಸಹಿ ಮಾಡಿ ಕಳಿಸಿದರೆ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ. ಈ ಪತ್ರವನ್ನು ಮೂರು ವರ್ಷ ತುಂಬುವುದಕ್ಕೆ ಕೆಲವು ತಿಂಗಳು ಮುಂಚಿತವಾಗಿಯೇ ಸ್ಪೀಡ್ ಪೋಸ್ಟ್ ಟಪಾಲಿನಿಂದ ಕಳಿಸಿ, ಟಪಾಲಿನ ರಸೀದಿಯನ್ನು ಬಿಲ್ಲಿನ ಪ್ರತಿಯೊಂದಿಗೆ ಇಡತಕ್ಕದ್ದು.